ಮನೆಯಲ್ಲಿ ತ್ರೀಡಿ ಟೀವಿ, ತ್ರೀಡಿ ಆಟ: ಹದಿನೆಂಟು ಸಾವಿರ ಕೊಡಬಹುದೇ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಕೈಗಾದಲ್ಲಿ ಕೆಲಸದಲ್ಲಿದ್ದ ನಮ್ಮ ಪರಿಚಯದವರೊಬ್ಬರು ವರ್ಗವಾಗಿ ಬೇರೆ ರಾಜ್ಯಕ್ಕೆ ಹೊರಟಿದ್ದಾರೆ. ಸಾಮಾನು ಹಗುರ ಮಾಡಿಕೊಳ್ಳುವ ಸಲುವಾಗಿ, 2013ರಲ್ಲಿ ಕೊಂಡ 55 ಇಂಚಿನ ತ್ರೀಡಿ ಟೀವಿ, ಅದರ ನಾಲ್ಕು ಕನ್ನಡಕ, ಒಂದು ಪ್ಲೇಸ್ಟೇಷನ್ 3 ಆಟದ ಯಂತ್ರ, ಹನ್ನೊಂದು ತ್ರೀಡಿ ಬ್ಲೂ-ರೇ ಡಿಸ್ಕ್ ಮತ್ತು ಐದು ಆಟಗಳನ್ನು ಒಟ್ಟಿಗೆ ಹದಿನೆಂಟು ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಕನ್ನಡಕಗಳು ಬ್ಯಾಟರಿ ಇಲ್ಲದವು, ಚಿತ್ರಮಂದಿರದಲ್ಲಿ ಕೊಡುವಂಥವು.

ಕಳೆದ ಭಾನುವಾರ ಮನೆಯವರೆಲ್ಲ ಹೋಗಿ ನೋಡಿ ಬಂದೆವು. ಅವರು ಟೀವಿಯನ್ನು ಶೋಕೇಸಿನ ಮೇಲೆ, ಗೋಡೆಯ ಎತ್ತರದಲ್ಲಿ ತೂಗುಹಾಕಿದ್ದಾರೆ. ಹದಿನೈದು ವರ್ಷದ ಮಗ ಸೋಫಾದಲ್ಲಿ ಕುಳಿತು ಕಾರಿನ ಆಟ ಆಡಿ, ತಿರುವು ಎಷ್ಟು ದೂರದಲ್ಲಿದೆ ಎಂಬುದು ಮೊದಲೇ ತಿಳಿಯುತ್ತದೆ ಎಂದು ಬಹಳ ಸಂತೋಷಪಟ್ಟ. ಕೆಳಗೆ ಚಾಪೆಯ ಮೇಲೆ ಕುಳಿತಿದ್ದ ಎಂಟು ವರ್ಷದ ಮಗಳು ಎಲ್ಲವೂ ಎರಡೆರಡಾಗಿ ಕಾಣುತ್ತದೆ ಎಂದು ಕಾಲು ಗಂಟೆಯಲ್ಲಿ ಕನ್ನಡಕ ತೆಗೆದಿಟ್ಟಳು. ನಮ್ಮ ಅತ್ತೆಯವರು ಚಿತ್ರ ಚೆನ್ನಾಗಿದೆ, ಆದರೆ ನೀವು ಹೇಳುವ ಆಳ ನನಗೆ ಕಾಣುವುದಿಲ್ಲ ಎಂದರು. ನನಗೆ ಸಿನಿಮಾ ಮೊದಲ ಹತ್ತು ನಿಮಿಷ ಬೆರಗು ಹುಟ್ಟಿಸಿತು, ಆಮೇಲೆ ಮಾಮೂಲಿ ಟೀವಿಯಂತೆಯೇ ಅನಿಸಿತು. ಹುಬ್ಬಳ್ಳಿಯ ಚಿತ್ರಮಂದಿರದಲ್ಲಿ ಕಂಡ ಆಳ ಮನೆಯ ಟೀವಿಯಲ್ಲಿ ಏಕೆ ಕಾಣುವುದಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ.

ನಮ್ಮ ಹಾಲಿನಲ್ಲಿ ಟೀವಿಗೂ ಕುಳಿತುಕೊಳ್ಳುವ ಜಾಗಕ್ಕೂ ಹನ್ನೊಂದು ಅಡಿ ಅಂತರವಿದೆ. ಇದನ್ನು ತೆಗೆದುಕೊಳ್ಳಬಹುದೇ, ಅಥವಾ ಮಗ ಕೇಳುತ್ತಿರುವಂತೆ ತಲೆಗೆ ಕಟ್ಟಿಕೊಳ್ಳುವ ವಿಆರ್ ಸಾಧನಕ್ಕೆ ಹಣ ಕೂಡಿಡುವುದು ಲೇಸೇ? ಬಳಸಿದ ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಿರಿ.

ಸದಾಶಿವಗಡ

ಬೇಡ. ಸ್ಯಾಮ್‌ಸಂಗ್ 2016ರಲ್ಲಿ, ಎಲ್‌ಜಿ ಮತ್ತು ಸೋನಿ 2017ರಲ್ಲಿ ಕೈಬಿಟ್ಟ ವಸ್ತುವಿಗೆ ಈಗ ನೀವೇಕೆ ಹಣ ಕೊಡಬೇಕು?

ತೋಟದಮನೆ, ಶಿರಸಿ

ನಮ್ಮ ಮನೆಯ ಅನುಭವ ಹೇಳುತ್ತೇನೆ, ಅಕ್ಕ. 2011ರ ದೀಪಾವಳಿಗೆ ಹುಬ್ಬಳ್ಳಿಯ ಒಂದು ಅಂಗಡಿಯಿಂದ ತ್ರೀಡಿ ಟೀವಿ ತಂದೆವು. ನಮ್ಮದು ಬ್ಯಾಟರಿ ಕನ್ನಡಕದ ಟೀವಿ. ಅದರಲ್ಲಿ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಒಂದಾದ ಮೇಲೊಂದು ಬರುತ್ತವೆ, ಕನ್ನಡಕದ ಗಾಜು ಅದಕ್ಕೆ ಸರಿಯಾಗಿ ಸೆಕೆಂಡಿಗೆ ಅರವತ್ತು ಸಲ ಮುಚ್ಚಿ ತೆರೆಯುತ್ತದೆ. ಅಂಗಡಿಯಲ್ಲಿ ಕತ್ತಲೆಯ ಕೋಣೆಯೊಳಗೆ ಕೂರಿಸಿ ತೋರಿಸಿದಾಗ ಮನಸ್ಸು ಸೋತದ್ದು ನಿಜ. ಮನೆಗೆ ತಂದ ಮೇಲೆ ನೋಡಿದರೆ ನಮ್ಮ ಹಾಲಿನಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಂಥ ಟ್ಯೂಬ್ ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತದೆ, ಕನ್ನಡಕದ ಅರವತ್ತಕ್ಕೂ ಅದರ ನೂರಕ್ಕೂ ತಾಳ ಕೂಡದೆ ಇಡೀ ಕೋಣೆಯೇ ಮಿನುಗಿದಂತೆ ಕಾಣುತ್ತಿತ್ತು. ದೀಪ ಆರಿಸಿದರೆ ಸರಿಹೋಗುತ್ತಿತ್ತು, ಆದರೆ ಒಟ್ಟು ಕುಟುಂಬದ ಮನೆಯಲ್ಲಿ ಸಂಜೆ ಏಳಕ್ಕೆ ಹಾಲಿನ ದೀಪ ಆರಿಸಿ ಕೂರುವುದಕ್ಕೆ ಯಾರು ಒಪ್ಪುತ್ತಾರೆ?

ಟೀವಿಯ ಜೊತೆ ಬಂದ ಕನ್ನಡಕ ಎರಡು, ಮನೆಯಲ್ಲಿ ಇದ್ದವರು ಒಂಬತ್ತು ಜನ. ಇನ್ನೆರಡು ಕನ್ನಡಕ ಬೇಕೆಂದಾಗ ಅಂಗಡಿಯವರು ಹೇಳಿದ ಬೆಲೆ ಕೇಳಿ ದೊಡ್ಡಪ್ಪ ಅಲ್ಲಿಂದಲೇ ಎದ್ದು ಬಂದರು. ಮೂರನೆಯ ಮಳೆಗಾಲದ ಹೊತ್ತಿಗೆ ಒಂದು ಕನ್ನಡಕದ ಬ್ಯಾಟರಿ ಕೆಟ್ಟುಹೋಯಿತು, ಅದಕ್ಕೆ ಬದಲಿ ಸಿಗಲಿಲ್ಲ. ಟೀವಿ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ, ಆದರೆ ತ್ರೀಡಿ ಹಾಕದೆ ಹತ್ತು ವರ್ಷವಾಯಿತು. ಆ ಕಾಲಕ್ಕೆ ಅದಕ್ಕೆಂದು ಹೆಚ್ಚು ಕೊಟ್ಟ ಹಣ ನೆನೆದರೆ ಈಗಲೂ ಬೇಸರವಾಗುತ್ತದೆ.

ಹೆಡ್‌ಬಂದರ, ಕುಮಟಾ

ತೋಟದಮನೆಯವರು ಹೇಳಿದ ತೊಂದರೆಗಳು ನಿಜ, ಆದರೆ ಅವು ಬ್ಯಾಟರಿ ಕನ್ನಡಕದ ತೊಂದರೆಗಳು. ಅಕ್ಕ ನೋಡಿದ್ದು ಅದಲ್ಲ. ಬ್ಯಾಟರಿ ಇಲ್ಲದ ಬಗೆಯಲ್ಲಿ ಎರಡೂ ಕಣ್ಣಿನ ಚಿತ್ರ ಒಂದೇ ಸಮಯಕ್ಕೆ ಪರದೆಯ ಮೇಲೆ ಇರುತ್ತವೆ, ಬೆಸ ಸಾಲುಗಳು ಒಂದು ಕಣ್ಣಿಗೆ, ಸಮ ಸಾಲುಗಳು ಇನ್ನೊಂದು ಕಣ್ಣಿಗೆ. ಅಲ್ಲಿ ಮಿನುಗುವ ಪ್ರಶ್ನೆಯೇ ಇಲ್ಲ, ಕನ್ನಡಕವೂ ಅಗ್ಗ, ಒಡೆದರೆ ಇನ್ನೊಂದು ತರಬಹುದು.

ಅಕ್ಕ ಕೇಳಿದ ಮುಖ್ಯ ಪ್ರಶ್ನೆಗೆ, ಅಂದರೆ ಚಿತ್ರಮಂದಿರದ ಆಳ ಮನೆಯಲ್ಲಿ ಏಕಿಲ್ಲ ಎಂಬುದಕ್ಕೆ, ಯಾರೂ ಉತ್ತರಿಸಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಕಾಗದದ ಮೇಲೆ ಲೆಕ್ಕ ಮಾಡಿ ಕಂಡುಕೊಂಡದ್ದನ್ನು ಹೇಳುತ್ತೇನೆ. ದೊಡ್ಡವರ ಎರಡು ಕಣ್ಣುಗಳ ನಡುವೆ ಸರಾಸರಿ 63 ಮಿಲಿಮೀಟರ್ ಅಂತರವಿರುತ್ತದೆ. ಸಿನಿಮಾದಲ್ಲಿ ಬಹಳ ದೂರದ ಆಕಾಶವನ್ನು ತೋರಿಸಬೇಕಾದರೆ ಎಡ ಚಿತ್ರಕ್ಕೂ ಬಲ ಚಿತ್ರಕ್ಕೂ ಪರದೆಯ ಮೇಲೆ ಹೆಚ್ಚೆಂದರೆ ಅಷ್ಟೇ ಅಂತರ ಇಡಬಹುದು, ಅದನ್ನು ಮೀರಿದರೆ ಕಣ್ಣುಗಳು ಹೊರಮುಖವಾಗಿ ತಿರುಗಬೇಕಾಗಿ ನೋವಾಗುತ್ತದೆ. ಈಗ ಹತ್ತು ಮೀಟರ್ ಅಗಲದ ತೆರೆಗೆಂದು ಹೀಗೆ ಮಾಡಿದ ಸಿನಿಮಾವನ್ನು 55 ಇಂಚಿನ ಟೀವಿಯಲ್ಲಿ ಹಾಕಿದಿರಿ ಎಂದುಕೊಳ್ಳಿ. ಆ ಟೀವಿಯ ಅಗಲ 122 ಸೆಂಟಿಮೀಟರ್, ಹಾಗಾಗಿ ಆ 63 ಮಿಲಿಮೀಟರ್ ಕುಗ್ಗಿ ಎಂಟಕ್ಕಿಂತ ಕಡಿಮೆಯಾಗುತ್ತದೆ. ಹನ್ನೊಂದು ಅಡಿ ದೂರದಿಂದ ನೋಡಿದಾಗ ಆ ಆಕಾಶ ಟೀವಿಯ ಹಿಂದೆ ಬರೇ ಒಂದೂವರೆ ಅಡಿಯಲ್ಲಿ ನಿಂತುಬಿಡುತ್ತದೆ. ಹಿಂದಿನ ಗೋಡೆಯನ್ನು ಕೂಡ ಅದು ಹೆಚ್ಚೇನೂ ದಾಟುವುದಿಲ್ಲ. ಹತ್ತು ನಿಮಿಷದಲ್ಲಿ ಬೆರಗು ಇಳಿದದ್ದು ನಿಮ್ಮ ತಪ್ಪಲ್ಲ, ನೋಡುವುದಕ್ಕೆ ಅಲ್ಲಿ ಇದ್ದ ಆಳವೇ ಅಷ್ಟು.

ಆಟದ ಕಥೆ ಬೇರೆ. ಸಿನಿಮಾದ ಆಳ ತಯಾರಿಸುವಾಗಲೇ ಕೂತುಬಿಟ್ಟಿರುತ್ತದೆ, ಆಟದಲ್ಲಿ ಎರಡೂ ಕಣ್ಣಿನ ಚಿತ್ರವನ್ನು ಯಂತ್ರ ಆಗಿಂದಾಗ್ಗೆ ಬರೆಯುತ್ತದೆ. ಆದ್ದರಿಂದ ಅನೇಕ ಆಟಗಳಲ್ಲಿ ಆಳವನ್ನು ನಿಮ್ಮ ಪರದೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ನಿಮ್ಮ ಮಗನಿಗೆ ತಿರುವಿನ ದೂರ ಕಂಡದ್ದು, ನಿಮಗೆ ಸಿನಿಮಾ ಚಪ್ಪಟೆ ಎನಿಸಿದ್ದು, ಎರಡೂ ಒಂದೇ ಕಾರಣದಿಂದ. ಮನೆಯಲ್ಲಿ ತ್ರೀಡಿ ಯಾತಕ್ಕಾದರೂ ಬೆಲೆಬಾಳುತ್ತದೆ ಎಂದರೆ ಅದು ಆಟಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸದಾಶಿವಗಡ

ಸಾಲು ಹಂಚಿಕೊಳ್ಳುವ ಟೀವಿ ಎಂದರೆ 1080 ಸಾಲಿನಲ್ಲಿ ಒಂದೊಂದು ಕಣ್ಣಿಗೆ 540 ಮಾತ್ರ. ಅರ್ಧ ಚಿತ್ರಕ್ಕೆ ಪೂರ್ತಿ ಬೆಲೆ ಕೊಟ್ಟಂತಾಯಿತು.

ಹೆಡ್‌ಬಂದರ, ಕುಮಟಾ

ಅದನ್ನೂ ಅಳೆದು ನೋಡೋಣ. 55 ಇಂಚಿನ ಟೀವಿಯ ಎತ್ತರ ಸುಮಾರು 68 ಸೆಂಟಿಮೀಟರ್, 540 ಸಾಲಿಗೆ ಹಂಚಿದರೆ ಒಂದೊಂದಕ್ಕೆ ಒಂದೂಕಾಲು ಮಿಲಿಮೀಟರ್ ಬರುತ್ತದೆ. ಹನ್ನೊಂದು ಅಡಿ ದೂರದಿಂದ ಒಳ್ಳೆಯ ದೃಷ್ಟಿ ಬೇರ್ಪಡಿಸಿ ನೋಡಬಲ್ಲದ್ದು ಸುಮಾರು ಒಂದು ಮಿಲಿಮೀಟರ್. ಅಂದರೆ ಹುಡುಕಿ ನೋಡಿದರೆ ಓರೆ ಗೆರೆಗಳ ಅಂಚಿನಲ್ಲಿ ಮೆಟ್ಟಿಲು ಕಾಣಬಹುದು, ಓಡುವ ಚಿತ್ರದಲ್ಲಿ ಕಾಣುವುದಿಲ್ಲ. ಆರು ಅಡಿಗೆ ಬಂದು ಕುಳಿತರೆ ನಿಮ್ಮ ಮಾತು ಸರಿ. ಮುಂದೆ ಬಂದ, 2160 ಸಾಲಿನ 4ಕೆ ಟೀವಿಗಳಲ್ಲಿ ಸಾಲು ಹಂಚಿದರೂ ಒಂದೊಂದು ಕಣ್ಣಿಗೆ ಸಾವಿರದ ಮೇಲೆ ಉಳಿಯುತ್ತಿತ್ತು. 2016ರ ಎಲ್‌ಜಿ ಒಎಲ್‌ಇಡಿ ಟೀವಿಗಳನ್ನು ಕೆಲವರು ಇಂದಿಗೂ ಹುಡುಕಿ ಕೊಳ್ಳುವುದು ಅದಕ್ಕಾಗಿಯೇ. ದುಃಖದ ಸಂಗತಿ ಎಂದರೆ, ತೊಂದರೆ ಬಗೆಹರಿದ ಹೊತ್ತಿಗೆ ಮಾಡುವವರೇ ನಿಲ್ಲಿಸಿಬಿಟ್ಟರು.

ಬೆಸುಗೆಕಡ್ಡಿ, ಭಟ್ಕಳ

ನಾನು ಇಪ್ಪತ್ತು ವರ್ಷದಿಂದ ಟೀವಿ ರಿಪೇರಿ ಮಾಡುವವನು. ಎರಡು ಮಾತು.

ಮೊದಲನೆಯದು ಮಗಳ ವಿಷಯ. ಆ ಮಗು ಚಾಪೆಯ ಮೇಲೆ ಕುಳಿತಿತ್ತು, ಟೀವಿ ಗೋಡೆಯ ಎತ್ತರದಲ್ಲಿತ್ತು ಎಂದಿರಿ. ಈ ಬಗೆಯ ಟೀವಿಯಲ್ಲಿ ಸಾಲುಗಳನ್ನು ಬೇರ್ಪಡಿಸುವ ಪಟ್ಟಿಪಟ್ಟಿಯ ತೆಳು ಹಾಳೆ ಗಾಜಿನ ಹೊರಮೈಗೆ ಅಂಟಿರುತ್ತದೆ, ಚಿತ್ರ ಮೂಡುವುದು ಗಾಜಿನ ಒಳಗೆ. ನಡುವಿನ ಗಾಜಿನ ದಪ್ಪದಿಂದಾಗಿ ತೀರ ಕೆಳಗಿನಿಂದಲೋ ಮೇಲಿನಿಂದಲೋ ನೋಡಿದರೆ ಎಡಗಣ್ಣಿನ ಸಾಲು ಬಲಗಣ್ಣಿನ ಪಟ್ಟಿಯ ಮೂಲಕ ಹಾದು ಬರುತ್ತದೆ, ಆಗ ಎರಡೂ ಕಣ್ಣಿಗೆ ಎರಡೂ ಚಿತ್ರ ಸೋರಿ ಎಲ್ಲವೂ ಜೋಡಿಯಾಗಿ ಕಾಣುತ್ತದೆ. ಅಕ್ಕಪಕ್ಕಕ್ಕೆ ಎಷ್ಟು ಸರಿದರೂ ನಡೆಯುತ್ತದೆ, ಮೇಲೆ ಕೆಳಗೆ ಮಾತ್ರ ಅವಕಾಶ ಬಹಳ ಕಡಿಮೆ. ನಮ್ಮ ಕಡೆ ಟೀವಿಯನ್ನು ಎತ್ತರದಲ್ಲಿ ಹಾಕಿ ಮಕ್ಕಳನ್ನು ನೆಲದ ಮೇಲೆ ಕೂರಿಸುವುದು ವಾಡಿಕೆ. ಈ ಟೀವಿಗಳಿಗೆ ಅದಕ್ಕಿಂತ ಹೊಂದದ ಏರ್ಪಾಡು ಬೇರೆ ಇಲ್ಲ. ಕಣ್ಣಿನ ಎತ್ತರಕ್ಕೆ ಪರದೆಯ ನಡುಭಾಗ ಬರುವಂತೆ ಇಟ್ಟು ಇನ್ನೊಮ್ಮೆ ನೋಡಿರಿ.

ಎರಡನೆಯದು ಬೆಲೆ. ಹನ್ನೆರಡು ವರ್ಷದ ಟೀವಿ, ಅದೂ ಸಮುದ್ರದ ಗಾಳಿ ತಿಂದದ್ದು. ಉಪ್ಪಿನ ತೇವ ಬೋರ್ಡಿನ ಕಾಲುಗಳನ್ನು ಹಸಿರು ಹಿಡಿಸುತ್ತದೆ. ಬ್ಯಾಕ್‌ಲೈಟಿನ ಎಲ್‌ಇಡಿ ಹೋದರೆ ಪಟ್ಟಿ ಬದಲಿಸಬಹುದು, ಪ್ಯಾನೆಲ್ ಹೋದರೆ ಅಲ್ಲಿಗೆ ಮುಗಿಯಿತು, ತ್ರೀಡಿ ಹಾಳೆ ಇರುವ ಪ್ಯಾನೆಲ್ ಈಗ ಎಲ್ಲಿಂದ ತರುವುದು? ಕೊಳ್ಳುವ ಮೊದಲು ಪರದೆಯನ್ನು ಪೂರ್ತಿ ಬಿಳಿ ಮಾಡಿ ಮೂಲೆಗಳಲ್ಲಿ ಮಂಕು ಇದೆಯೇ ನೋಡಿರಿ, ಹಿಂಬದಿಯ ಎಚ್‌ಡಿಎಂಐ ಕಿಂಡಿಯಲ್ಲಿ ತುಕ್ಕು ಇದೆಯೇ ಎಂದು ಟಾರ್ಚು ಹಾಕಿ ನೋಡಿರಿ. ನನ್ನ ಲೆಕ್ಕದಲ್ಲಿ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸಿನ ಸಾಮಾನು ಅದು.

ಶರಾವತಿ ದಡ, ಹೊನ್ನಾವರ

ನಾನು ಕಣ್ಣಿನ ಆಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಭಟ್ಕಳದ ಅಣ್ಣನವರು ಹೇಳಿದ ಕಾರಣ ತುಂಬ ಸಮಂಜಸವಾಗಿದೆ, ಆದರೂ ಮಗುವಿನ ಕಣ್ಣನ್ನು ಒಮ್ಮೆ ಪರೀಕ್ಷಿಸಿಬಿಡಿ, ಅಕ್ಕ. ಒಂದು ಕಣ್ಣಿನ ನಂಬರು ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೂ ಮಕ್ಕಳು ತಾವಾಗಿ ಹೇಳುವುದಿಲ್ಲ, ಏಕೆಂದರೆ ಚೆನ್ನಾಗಿರುವ ಕಣ್ಣಿನಲ್ಲೇ ಅವರ ಕೆಲಸ ನಡೆದುಹೋಗುತ್ತದೆ. ಬಳಸದ ಕಣ್ಣು ಮಂದವಾಗುತ್ತಾ ಹೋಗುತ್ತದೆ, ಅದರ ಚಿಕಿತ್ಸೆ ಚಿಕ್ಕ ವಯಸ್ಸಿನಲ್ಲೇ ಚೆನ್ನಾಗಿ ಫಲ ಕೊಡುತ್ತದೆ. ನಮ್ಮಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಇದೆ. ನೊಣದ ದೊಡ್ಡ ಚಿತ್ರವೊಂದನ್ನು ಕೈಗೆ ಕೊಟ್ಟು, ನಿಮ್ಮ ಟೀವಿಯ ಕನ್ನಡಕದಂಥದ್ದೇ ಒಂದು ಕನ್ನಡಕ ಹಾಕಿ, ನೊಣದ ರೆಕ್ಕೆ ಹಿಡಿ ಎನ್ನುತ್ತೇವೆ. ಎರಡೂ ಕಣ್ಣು ಕೂಡಿ ಕೆಲಸ ಮಾಡುವ ಮಗು ಪುಟದಿಂದ ಒಂದೆರಡು ಇಂಚು ಮೇಲೆ, ಗಾಳಿಯಲ್ಲಿ ಚಿವುಟುತ್ತದೆ. ಆಳ ಕಾಣದ ಮಗು ಬೆರಳನ್ನು ನೇರವಾಗಿ ಕಾಗದಕ್ಕೇ ಒತ್ತುತ್ತದೆ. ಎಷ್ಟೋ ತಾಯಂದಿರು ಆ ಬೆರಳನ್ನು ನೋಡಿದಾಗಲೇ ಮೊದಲ ಬಾರಿಗೆ ವಿಷಯ ತಿಳಿದುಕೊಳ್ಳುತ್ತಾರೆ.

ನಿಮ್ಮ ಅತ್ತೆಯವರಿಗೆ ಒಂದು ಕಣ್ಣಿನಲ್ಲಿ ಪೊರೆ ಬಂದಿರಬಹುದು, ಅಥವಾ ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿರಬಹುದು. ಎರಡು ಕಣ್ಣಿನ ಚಿತ್ರ ಸಮನಾಗಿಲ್ಲದಿದ್ದರೆ ಮಿದುಳು ಅವನ್ನು ಕೂಡಿಸಿ ಆಳ ಕಟ್ಟಲಾರದು. ಚಿಕ್ಕಂದಿನಿಂದ ಮೆಳ್ಳಗಣ್ಣು ಇದ್ದವರಿಗೂ ಹೀಗೆಯೇ.

ತೋಟದಮನೆ, ಶಿರಸಿ

ತ್ರೀಡಿ ನೋಡಿದರೆ ಮಕ್ಕಳ ಕಣ್ಣು ಹಾಳಾಗುತ್ತದೆ ಎಂದು ನಮ್ಮ ಆಯಿ ಯಾವಾಗಲೂ ಹೇಳುತ್ತಿದ್ದರು. ಅದು ನಿಜವೇ?

ಶರಾವತಿ ದಡ, ಹೊನ್ನಾವರ

ಆರೋಗ್ಯವಾಗಿರುವ ಕಣ್ಣನ್ನು ಅದು ಶಾಶ್ವತವಾಗಿ ಕೆಡಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ದಣಿಸುವುದು ಮಾತ್ರ ನಿಜ. ಬದುಕಿನಲ್ಲಿ ನಾವು ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಅದೇ ದೂರಕ್ಕೆ ಕಣ್ಣಿನೊಳಗಿನ ಮಸೂರವೂ ಹೊಂದಿಕೊಳ್ಳುತ್ತದೆ. ಈ ಎರಡು ಕೆಲಸ ಹುಟ್ಟಿನಿಂದ ಜೋಡಿ. ತ್ರೀಡಿಯಲ್ಲಿ ಕಣ್ಣು ತಿರುಗುವುದು ಮುಂದೆ ಹಾರಿಬಂದ ವಸ್ತುವಿನ ಕಡೆಗೆ, ಮಸೂರ ನಿಲ್ಲಬೇಕಾದದ್ದು ಪರದೆಯ ದೂರದಲ್ಲಿ. ಜೋಡಿ ಎತ್ತನ್ನು ಬೇರೆ ಬೇರೆ ಕಡೆಗೆ ಎಳೆದಂತೆ. ಪರದೆಗೆ ತೀರ ಹತ್ತಿರ ಕುಳಿತಷ್ಟೂ, ವಸ್ತು ಮುಂದಕ್ಕೆ ಚಿಮ್ಮಿದಷ್ಟೂ ದಣಿವು ಹೆಚ್ಚು. ತಲೆನೋವು ಬಂದರೆ ನಿಲ್ಲಿಸಬೇಕು, ಸಹಿಸಿಕೊಂಡು ಮುಂದುವರಿಸಬಾರದು. ಪ್ರತಿ ಸಲವೂ ತಲೆನೋವು ಬರುತ್ತಿದ್ದರೆ ಕಣ್ಣನ್ನು ತೋರಿಸಬೇಕು. ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ತಯಾರಕರೇ ಎಚ್ಚರ ಹೇಳಿದ್ದಾರೆ. ನಿಂಟೆಂಡೊ ಕೈಯಲ್ಲಿ ಹಿಡಿದು ಆಡುವ ತನ್ನ 3ಡಿಎಸ್ ಆಟದ ಯಂತ್ರದಲ್ಲಿ ಏಳು ವರ್ಷಕ್ಕಿಂತ ಚಿಕ್ಕವರಿಗೆ ತ್ರೀಡಿ ಆರಿಸಿಡಿ ಎಂದೇ ಸೂಚಿಸಿತ್ತು.

ಓಂ ಬೀಚ್ ತಿರುವು, ಗೋಕರ್ಣ

ಮಗ ಕೇಳುತ್ತಿರುವ ವಿಆರ್ ಬಗ್ಗೆ ನಾನು ಹೇಳಬಲ್ಲೆ, ಒಂದೂವರೆ ವರ್ಷದಿಂದ ಮೆಟಾ ಕ್ವೆಸ್ಟ್ 3 ಬಳಸುತ್ತಿದ್ದೇನೆ. ಕುಮಟಾದ ಭಾವನವರ ಲೆಕ್ಕವನ್ನು ನಾನು ಒಪ್ಪುತ್ತೇನೆ, ಆದರೆ ಅವರ ತೀರ್ಮಾನವನ್ನು ಪೂರ್ತಿ ಒಪ್ಪುವುದಿಲ್ಲ. ಸಿನಿಮಾದ ಆಳ ಮನೆಯಲ್ಲಿ ಸಿಗುವುದೇ ಇಲ್ಲವೆಂದಲ್ಲ. ವಿಆರ್‌ನೊಳಗೆ ನೀವು ಒಂದು ಚಿತ್ರಮಂದಿರದ ನಡುವೆ ಕುಳಿತಂತೆ ಮಾಡಬಹುದು, ಹತ್ತು ಮೀಟರ್ ಅಗಲದ ತೆರೆ ಹತ್ತಿಪ್ಪತ್ತು ಅಡಿ ಆಚೆ ನಿಂತಿರುತ್ತದೆ. ತೆರೆ ದೊಡ್ಡದಾದ ಕೂಡಲೇ ಕುಗ್ಗಿದ್ದ ಆಳವೂ ಹಿಂದಿರುಗುತ್ತದೆ. ಒಂದೊಂದು ಕಣ್ಣಿಗೆ 2064×2208 ಚುಕ್ಕೆಗಳ ಪ್ರತ್ಯೇಕ ಪರದೆ ಇರುವುದರಿಂದ ಒಂದರ ಚಿತ್ರ ಇನ್ನೊಂದಕ್ಕೆ ಸೋರುವುದಿಲ್ಲ, ಬೆಳಕನ್ನು ಎರಡು ಕಣ್ಣಿಗೆ ಹಂಚಬೇಕಾದ ಮಂಕೂ ಇಲ್ಲ. ಆಟದಲ್ಲಿ ತಲೆ ಬಗ್ಗಿಸಿ ಕಂಬದ ಹಿಂದೆ ಇಣುಕಿದರೆ ಹಿಂದಿರುವುದು ನಿಜಕ್ಕೂ ಕಾಣುತ್ತದೆ. ಇದು ಯಾವ ಟೀವಿಯಿಂದಲೂ ಸಾಧ್ಯವಿಲ್ಲ.

ತೊಂದರೆಗಳನ್ನೂ ಮುಚ್ಚಿಡುವುದಿಲ್ಲ. ಅರ್ಧ ಕಿಲೋಗಿಂತ ಹೆಚ್ಚು ತೂಕವನ್ನು ಮುಖಕ್ಕೆ ಕಟ್ಟಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯಲ್ಲಿ ಹತ್ತು ನಿಮಿಷಕ್ಕೆ ಹಣೆಯ ಬೆವರು ಇಳಿದು ಮಸೂರ ಮಬ್ಬಾಗುತ್ತದೆ, ಫ್ಯಾನನ್ನು ನೇರ ಮುಖಕ್ಕೆ ತಿರುಗಿಸಿಕೊಂಡೇ ಆಡುತ್ತೇನೆ. ಮಸೂರದ ಮೇಲೆ ಬಿಸಿಲು ಬೀಳಬಾರದು, ಬಿದ್ದರೆ ಭೂತಗನ್ನಡಿಯಂತೆ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಪಶ್ಚಿಮದ ಕಿಟಕಿ ಇರುವ ಮನೆಯವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದು ಎಂದು ಕಂಪನಿಯೇ ಹೇಳುತ್ತದೆ, ಹಾಗಾಗಿ ನಿಮ್ಮ ಮಗಳಿಗೆ ಇದು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇದು ಒಬ್ಬರ ವಸ್ತು. ನಾನು ಹಾಕಿಕೊಂಡು ಕುಳಿತಿರುವಾಗ ಹೆಂಡತಿ ಚಹಾ ತಂದಿಟ್ಟು ಹೋದದ್ದೂ ನನಗೆ ತಿಳಿದಿರುವುದಿಲ್ಲ.

ಹೆಡ್‌ಬಂದರ, ಕುಮಟಾ

ವಿಆರ್ ಚಿತ್ರಮಂದಿರದ ವಿಷಯದಲ್ಲಿ ನೀವು ಹೇಳಿದ್ದು ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಟೀವಿಯಲ್ಲಿ ಸಿನಿಮಾದ ಆಳ ಕುಗ್ಗುತ್ತದೆ ಎಂದಷ್ಟೇ ಹೇಳಬೇಕಿತ್ತು.

ಗಂಗಾವಳಿ, ಅಂಕೋಲಾ

ಪ್ರೊಜೆಕ್ಟರನ್ನು ಎಲ್ಲರೂ ಮರೆತಿದ್ದೀರಿ. ತ್ರೀಡಿ ಟೀವಿ ನಿಂತಿತು, ತ್ರೀಡಿ ಪ್ರೊಜೆಕ್ಟರ್ ನಿಲ್ಲಲಿಲ್ಲ. ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಬಗೆಯ ಎಷ್ಟೋ ಮಾದರಿಗಳಲ್ಲಿ ಇಂದಿಗೂ ಈ ಸೌಲಭ್ಯ ಬರುತ್ತದೆ. ಚಿತ್ರಗಳ ನಡುವೆ ನಮಗೆ ಗೊತ್ತಾಗದಂತೆ ಒಂದು ಬೆಳಕಿನ ಮಿಂಚನ್ನು ಪರದೆಯ ಮೇಲೆಯೇ ಬಿಡುತ್ತಾರೆ, ಕನ್ನಡಕ ಅದನ್ನು ಹಿಡಿದು ತಾಳ ಹೊಂದಿಸಿಕೊಳ್ಳುತ್ತದೆ. ನಮ್ಮ ಮಹಡಿಯ ಕೋಣೆಯಲ್ಲಿ ನೂರು ಇಂಚಿನ ಬಿಳಿ ಪರದೆ ಕಟ್ಟಿದ್ದೇನೆ. ಕುಮಟಾದವರ ಲೆಕ್ಕವನ್ನೇ ನಾನು ಹಾಕಿ ನೋಡಿದೆ, ಅದೇ ಹನ್ನೊಂದು ಅಡಿಯಲ್ಲಿ ಆಕಾಶ ಪರದೆಯ ಹಿಂದೆ ಮೂರು ಅಡಿ ಹೋಗುತ್ತದೆ, ಅಂದರೆ ಟೀವಿಯ ಎರಡರಷ್ಟು. ನಾಲ್ಕು ಜನ ಒಟ್ಟಿಗೆ ಕುಳಿತು ನೋಡಬಹುದು.

ಆದರೆ ಕೋಣೆ ಕತ್ತಲಾಗಿರಬೇಕು. ಒಂದೊಂದು ಕಣ್ಣಿಗೆ ತಲುಪುವ ಬೆಳಕು ಅರ್ಧಕ್ಕಿಂತ ಕಡಿಮೆ, ಹಗಲಿನಲ್ಲಿ ಏನೂ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಸೂರಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ಮೊದಲ ಮಳೆಗಾಲದಲ್ಲಿ ನಾನು ಎರಡು ತಿಂಗಳು ಹಾಗೆಯೇ ಮುಚ್ಚಿಟ್ಟು, ತೆರೆದಾಗ ಮಸೂರದ ಅಂಚಿನಲ್ಲಿ ಜೇಡರ ಬಲೆಯಂತೆ ಬಿಳಿ ಎಳೆಗಳು ಹಬ್ಬಿದ್ದವು. ಈಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡುತ್ತೇನೆ, ವಾರಕ್ಕೊಮ್ಮೆ ಹೊರತೆಗೆದು ಒಂದು ಗಂಟೆ ಓಡಿಸುತ್ತೇನೆ. ಅಕ್ಕ, ನೀವು ಕಾರವಾರದವರು, ಅರ್ಧ ದಿನದ ಮಾತು. ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಬಂದು ನೋಡಿ ಹೋಗಿರಿ.

ಸದಾಶಿವಗಡ

ಯಂತ್ರಗಳ ಗುಣಗಾನ ಸಾಕು, ನೋಡುವುದು ಏನನ್ನು? ಇಎಸ್‌ಪಿಎನ್ 2010ರಲ್ಲಿ ತ್ರೀಡಿ ವಾಹಿನಿ ತೆರೆದು 2013ರಲ್ಲಿ ಮುಚ್ಚಿತು. ಬಿಬಿಸಿ ಅದೇ ವರ್ಷ ತ್ರೀಡಿ ಪ್ರಯೋಗ ನಿಲ್ಲಿಸಿತು. ಎನ್‌ವಿಡಿಯಾ ಕಂಪ್ಯೂಟರ್ ಆಟಗಳನ್ನು ತ್ರೀಡಿಯಲ್ಲಿ ತೋರಿಸುವ ತನ್ನ ತ್ರೀಡಿ ವಿಷನ್‌ಗೆ 2019ರಲ್ಲಿ ಕೈಕೊಟ್ಟಿತು. ಪ್ಲೇಸ್ಟೇಷನ್ 5 ತ್ರೀಡಿ ಡಿಸ್ಕನ್ನು ಓದುವುದೇ ಇಲ್ಲ. ಕನ್ನಡದಲ್ಲಿ ತ್ರೀಡಿ ಚಿತ್ರಗಳು ಬಂದಿವೆ, ಮನೆಯಲ್ಲಿ ನೋಡಲು ತ್ರೀಡಿ ಡಿಸ್ಕಿನಲ್ಲಿ ನನ್ನ ಕೈಗೆ ಒಂದೂ ಸಿಕ್ಕಿಲ್ಲ. ಹನ್ನೊಂದು ಡಿಸ್ಕ್ ನೋಡಿ ಮುಗಿದ ಮೇಲೆ ಮುಂದೇನು? ನಾನು ಕೆಡುಕು ಬಯಸಿ ಹೇಳುತ್ತಿಲ್ಲ. ಒಂದು ಕುಟುಂಬದ ಹದಿನೆಂಟು ಸಾವಿರ ಚಿಕ್ಕ ಮೊತ್ತವಲ್ಲ ಎಂದು ಹೇಳುತ್ತಿದ್ದೇನೆ.

ಹೆಡ್‌ಬಂದರ, ಕುಮಟಾ

ತ್ರೀಡಿ ವಿಷನ್ ನಿಂತ ನೋವು ನನಗೂ ಇದೆ, 120 ಹರ್ಟ್ಸ್ ಮಾನಿಟರಿಗೆಂದು ನಾನು ಎರಡು ವರ್ಷ ಉಳಿತಾಯ ಮಾಡಿದ್ದೆ. ಆದರೆ ತ್ರೀಡಿ ಸತ್ತಿತು ಎಂಬ ಮಾತನ್ನು ಒಪ್ಪಲಾರೆ. ಸ್ಯಾಮ್‌ಸಂಗ್ 2025ರಲ್ಲಿ ಕನ್ನಡಕವೇ ಬೇಡದ 27 ಇಂಚಿನ ಒಡಿಸ್ಸಿ 3ಡಿ ಮಾನಿಟರ್ ತಂದಿದೆ. ಮೇಲಿನ ಕ್ಯಾಮೆರಾ ನಿಮ್ಮ ಕಣ್ಣು ಎಲ್ಲಿದೆ ಎಂದು ಹುಡುಕಿ ಎಡ, ಬಲ ಚಿತ್ರವನ್ನು ಆ ಕಡೆಗೇ ಕಳಿಸುತ್ತದೆ. ಅದೂ ಒಬ್ಬರಿಗೆ ಮಾತ್ರ, ಬೆಲೆಯೂ ಹೆಚ್ಚು. ಹಾಗಾಗಿ ಅಕ್ಕನಿಗೆ ಅದನ್ನು ಕೊಳ್ಳಿ ಎನ್ನುವುದಿಲ್ಲ. ಇನ್ನೊಂದು ಎಚ್ಚರಿಕೆ: ಗುಂಡು ಹಾರಿಸುವ ಆಟಗಳಲ್ಲಿ ಗುರಿಯ ಚಿಹ್ನೆ ಪರದೆಯ ಮಟ್ಟದಲ್ಲಿ ನಿಂತಿರುತ್ತದೆ, ವೈರಿ ಬಹಳ ಹಿಂದಿರುತ್ತಾನೆ. ಒಂದನ್ನು ದಿಟ್ಟಿಸಿದರೆ ಇನ್ನೊಂದು ಎರಡಾಗುತ್ತದೆ, ಇದು ಕಣ್ಣಿಗೆ ಹಿಂಸೆ. ತ್ರೀಡಿಗೆ ಹೇಳಿ ಮಾಡಿಸಿದ್ದು ಕಾರು, ವಿಮಾನದ ಆಟಗಳು, ಜಿಗಿದು ದಾಟುವ ಆಟಗಳು. ಪ್ಲೇಸ್ಟೇಷನ್ 3ರಲ್ಲಿ ತ್ರೀಡಿ ಆಟಗಳು ಸಾಮಾನ್ಯವಾಗಿ 720 ಸಾಲಿನಲ್ಲೇ ಬರುತ್ತವೆ, ಸ್ವಲ್ಪ ಮಾಸಲಾಗಿ ಕಂಡರೆ ಟೀವಿಯ ದೋಷವೆಂದು ತಿಳಿಯಬೇಡಿ.

ಯಾಣದ ಹಾದಿ, ಶಿರಸಿ

ಸದಾಶಿವಗಡದವರು ನೋಡುವುದು ಏನನ್ನು ಎಂದು ಕೇಳಿದ್ದಾರೆ. ನಮ್ಮ ಮನೆಯಲ್ಲಿ ನಾವು ನೋಡುವುದು ನಮ್ಮನ್ನೇ.

2010ರಲ್ಲಿ ಬಂದ ಫ್ಯೂಜಿಫಿಲ್ಮ್‌ನ ಡಬ್ಲ್ಯೂ3 ಎಂಬ ಕ್ಯಾಮೆರಾ ನನ್ನಲ್ಲಿದೆ, ಅದಕ್ಕೆ 75 ಮಿಲಿಮೀಟರ್ ಅಂತರದಲ್ಲಿ ಎರಡು ಮಸೂರಗಳಿವೆ. ಮಸೂರಗಳ ಅಂತರದ ಮೂವತ್ತು ಪಟ್ಟು ದೂರದಲ್ಲಿ ಅತಿ ಹತ್ತಿರದ ವಸ್ತು ಇರಬೇಕು ಎಂಬುದು ಈ ಹವ್ಯಾಸದವರ ರೂಢಿಯ ಲೆಕ್ಕ, ಹಾಗಾಗಿ ಎರಡೂಕಾಲು ಮೀಟರ್ ದೂರ ನಿಂತು ತೆಗೆದರೆ ಆಳ ಸಹಜವಾಗಿ ಬರುತ್ತದೆ. ಯಾಣದ ಭೈರವೇಶ್ವರ ಶಿಖರವನ್ನು, 120 ಮೀಟರ್ ಎತ್ತರದ ಆ ಕರಿ ಬಂಡೆಯನ್ನು, ದೂರದಿಂದ ತೆಗೆದಾಗ ಈ ಅಂತರ ಸಾಲದೆ ಅದು ಅಟ್ಟೆಯಂತೆ ಚಪ್ಪಟೆಯಾಯಿತು. ಒಂದು ಚಿತ್ರ ತೆಗೆದು, ಎರಡು ಮೀಟರ್ ಬದಿಗೆ ಸರಿದು ಇನ್ನೊಂದು ತೆಗೆದಾಗ ಸೀಳುಗಳೆಲ್ಲ ಬಿಡಿಬಿಡಿಯಾಗಿ ಎದ್ದು ನಿಂತವು, ಆದರೆ ಇಡೀ ಶಿಖರ ಮೇಜಿನ ಮೇಲಿಟ್ಟ ಗೊಂಬೆಯಂತೆ ಚಿಕ್ಕದಾಗಿ ಕಂಡಿತು. ಕಣ್ಣುಗಳ ನಡುವಿನ ಅಂತರವನ್ನು ಹಿಗ್ಗಿಸಿದರೆ ಮಿದುಳು ಲೋಕವನ್ನೇ ಕುಗ್ಗಿಸಿ ನೋಡುತ್ತದೆ.

ನಾನು ಹೇಳಬೇಕೆಂದದ್ದು ಇನ್ನೊಂದು ಚಿತ್ರದ ವಿಷಯ. 2012ರ ಮಾಗಿಯಲ್ಲಿ ನಮ್ಮ ಅಜ್ಜ ಜಗಲಿಯ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಗ ಒಂದು ತ್ರೀಡಿ ಚಿತ್ರ ತೆಗೆದಿದ್ದೆ. ಮುಂದೆ ಸಿಪ್ಪೆಯ ರಾಶಿ, ಅದರ ಹಿಂದೆ ಕತ್ತಿಯ ಬಾಗು, ಅದರಾಚೆ ಅಜ್ಜನ ಎರಡು ಕೈ, ಕೈಯ ಹಿಂದೆ ಎದೆ, ಎಲ್ಲಕ್ಕೂ ಹಿಂದೆ ಕಂಬ. ಮಾಮೂಲಿ ಚಿತ್ರದಲ್ಲಿ ಆ ಸಿಪ್ಪೆ ಮತ್ತು ಆ ಬೆರಳು ಒಂದೇ ಕಂದು ಬಣ್ಣದಲ್ಲಿ ಬೆರೆತುಹೋಗಿವೆ. ತ್ರೀಡಿಯಲ್ಲಿ ಬೆರಳ ಗಂಟುಗಳು ರಾಶಿಯಿಂದ ಮೇಲೆದ್ದು, ಹೆಬ್ಬೆರಳಿನ ಚೊಗರು ಕಲೆ ಯಾವ ಮಡಿಕೆಯಲ್ಲಿದೆ ಎಂಬುದೂ ತಿಳಿಯುತ್ತದೆ. ಅಜ್ಜ ಈಗಿಲ್ಲ. ವರ್ಷಕ್ಕೊಮ್ಮೆ ಅವರ ತಿಥಿಯ ಸಂಜೆ ತ್ರೀಡಿ ಟೀವಿಯಲ್ಲಿ ಆ ಚಿತ್ರ ಹಾಕುತ್ತೇವೆ. ಕಳೆದ ವರ್ಷ ಅವರನ್ನು ನೋಡದ ನನ್ನ ತಂಗಿಯ ಮಗಳು ಟೀವಿಯ ಹತ್ತಿರ ಹೋಗಿ, ಕೈ ಮುಟ್ಟಿದರೆ ಕತ್ತಿ ತಾಗುತ್ತದೆಯೇ ಎಂದು ಕೇಳಿದಳು. ಆ ಟೀವಿಗೆ ಕೊಟ್ಟ ಹಣದ ಲೆಕ್ಕವನ್ನು ನಾನು ಅಂದಿನಿಂದ ಹಾಕಿಲ್ಲ.

ಸದಾಶಿವಗಡ

ಯಾಣದ ಹಾದಿಯವರೇ, ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಆ ಕ್ಯಾಮೆರಾ ಇಲ್ಲದವರು ಫೋನಿನಿಂದ ಹೀಗೆ ತೆಗೆಯಬಹುದೇ?

ಯಾಣದ ಹಾದಿ, ಶಿರಸಿ

ತೆಗೆಯಬಹುದು. ಅಲುಗಾಡದ ವಸ್ತುವಾದರೆ ಒಂದೇ ಫೋನ್ ಸಾಕು. ಎಡಗಾಲಿನ ಮೇಲೆ ಭಾರ ಹಾಕಿ ಒಂದು, ಬಲಗಾಲಿನ ಮೇಲೆ ಭಾರ ಹಾಕಿ ಇನ್ನೊಂದು, ಫೋನನ್ನು ಓರೆ ಮಾಡದೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿ ಜೋಡಿಸಿ ಪೆನ್‌ಡ್ರೈವಿಗೆ ಹಾಕಿ, ಟೀವಿಯಲ್ಲಿ ಪಕ್ಕಪಕ್ಕದ ತ್ರೀಡಿ ಎಂಬುದನ್ನು ಆರಿಸಿದರೆ ಮುಗಿಯಿತು. ಕಡಲ ತೆರೆ, ಮಕ್ಕಳು, ಯಕ್ಷಗಾನದ ಕುಣಿತ ಇವಕ್ಕೆಲ್ಲ ಈ ಉಪಾಯ ನಡೆಯುವುದಿಲ್ಲ, ಎರಡು ಚಿತ್ರಗಳ ನಡುವೆ ಅವು ಚಲಿಸಿಬಿಟ್ಟಿರುತ್ತವೆ.

ಕಾಳಿದಂಡೆ, ಕಾರವಾರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಷ್ಟು ದಿನ ಸುಮ್ಮನಿದ್ದುದಕ್ಕೆ ಕ್ಷಮಿಸಿರಿ, ನೀವು ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡುತ್ತಿದ್ದೆ.

ಶನಿವಾರ ಮತ್ತೆ ಅವರ ಮನೆಗೆ ಹೋಗಿ, ಮಗಳನ್ನು ಊಟದ ಮೇಜಿನ ಎತ್ತರದ ಕುರ್ಚಿಯಲ್ಲಿ ಕೂರಿಸಿದೆ. ಎರಡಾಗಿದ್ದದ್ದು ಒಂದಾಯಿತು. ಕುರ್ಚಿಯಿಂದ ಮೆಲ್ಲನೆ ಜಾರಿ ಚಾಪೆಗೆ ಇಳಿದಾಗ ಮತ್ತೆ ಎರಡಾಯಿತು. ನಾನೂ ಅವಳ ಪಕ್ಕ ನೆಲದಲ್ಲಿ ಕುಳಿತು ನೋಡಿದೆ, ಹಾಗೆಯೇ ಕಂಡಿತು. ಆದರೂ ಹೊನ್ನಾವರದವರ ಮಾತು ಮೀರಬಾರದೆಂದು ಸೋಮವಾರ ಕಣ್ಣು ತೋರಿಸಿದೆವು. ನೊಣದ ರೆಕ್ಕೆಯನ್ನು ಗಾಳಿಯಲ್ಲೇ ಚಿವುಟಿದಳು, ಎರಡೂ ಕಣ್ಣು ಸರಿಯಾಗಿವೆ. ಅತ್ತೆಯವರ ಬಲಗಣ್ಣಿನಲ್ಲಿ ಪೊರೆ ಬೆಳೆದಿದೆ ಎಂದು ಅದೇ ದಿನ ತಿಳಿಯಿತು, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ.

ಅಂಕೋಲೆಗೂ ಹೋಗಿದ್ದೆವು. ನೂರು ಇಂಚಿನ ಪರದೆಯ ಸಿನಿಮಾ ನಿಜಕ್ಕೂ ಬೇರೆಯೇ ಅನುಭವ, ಆದರೆ ನಮ್ಮ ಮನೆಯಲ್ಲಿ ಅಷ್ಟು ಕತ್ತಲಾಗುವ ಕೋಣೆ ಇಲ್ಲ. ಪರದೆಯನ್ನು ಬಿಳಿ ಮಾಡಿ ನೋಡಿದಾಗ ಟೀವಿಯ ಎಡ ಮೂಲೆಯಲ್ಲಿ ಅಂಗೈಯಗಲ ಮಂಕು ಕಂಡಿತು. ಅದನ್ನು ತೋರಿಸಿ ಕೇಳಿದಾಗ ಹನ್ನೊಂದು ಸಾವಿರಕ್ಕೆ ಒಪ್ಪಿದರು. ವಿಆರ್ ಬಗ್ಗೆ ಮಗನಿಗೆ ಇನ್ನೆರಡು ವರ್ಷ ಕಾಯಲು ಹೇಳಿದ್ದೇವೆ. ಟೀವಿಯನ್ನು ಗೋಡೆಗೆ ಹಾಕದೆ, ನಮ್ಮ ಮಾವನವರ ಕಾಲದ ಹಲಸಿನ ಮರದ ಗಿಡ್ಡ ಮಂಚದ ಮೇಲೆ ಇರಿಸಿದ್ದೇವೆ. ಈಗ ಚಾಪೆಯಿಂದ ಸರಿಯಾಗಿ ಕಾಣುತ್ತದೆ, ಆದರೆ ಕುರ್ಚಿಯಲ್ಲಿ ಕುಳಿತವರಿಗೆ ಎರಡಾಗುತ್ತದೆ. ಇದಕ್ಕೆ ಏನಾದರೂ ಉಪಾಯವಿದೆಯೇ?

ಬೆಸುಗೆಕಡ್ಡಿ, ಭಟ್ಕಳ

ಟೀವಿಯ ಸ್ಟ್ಯಾಂಡಿನ ಮುಂದಿನ ಎರಡು ಕಾಲಿನ ಕೆಳಗೆ ಅರ್ಧ ಇಂಚಿನ ಮರದ ಚಕ್ಕೆ ಕೊಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿರಿ, ಬೀಳದಂತೆ ಹಿಂದಿನಿಂದ ಗೋಡೆಗೆ ಒಂದು ಪಟ್ಟಿ ಬಿಗಿಯಿರಿ. ಚಾಪೆಯನ್ನು ಎರಡಡಿ ಹಿಂದಕ್ಕೆ, ಕುರ್ಚಿಯ ಸಾಲಿನ ಹತ್ತಿರಕ್ಕೆ ಎಳೆಯಿರಿ. ಪರದೆಯಿಂದ ದೂರ ಹೋದಷ್ಟೂ ಮೇಲೆ ಕೆಳಗಿನ ಅವಕಾಶ ಹಿಗ್ಗುತ್ತದೆ.